ಸೂರ್ಯನ ಲೆಕ್ಕ ಬರೆದ ಕ್ಯಾರಿಂಗ್ಟನ್

ಸೂರ್ಯನ ಬಗೆಗಿನ ಎಷ್ಟೋ ಸಂಶೋಧನಾ ವರದಿಗಳಲ್ಲಿ, ನಕ್ಷೆಗಳ ಮೂಲೆಯಲ್ಲಿ ಸಿ.ಆರ್. ಅಂತ ಎರಡು ಅಕ್ಷರ, ಅದರ ಪಕ್ಕ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತೆ. ನಮಗೆಲ್ಲ ಸಿ.ಆರ್. ಅಂದ ಕೂಡಲೇ ಅಟೆಂಡೆನ್ಸ್ ವಿಷಯಕ್ಕೆ ಹಿಂದೆ ಬೀಳಬೇಕಾದ ಕ್ಲಾಸ್ ರೆಪ್ರೆಸೆಂಟೇಟಿವ್ ನೆನಪಾಗೋದು ಸಹಜ. ಇದು ಆ ಸಿ.ಆರ್. ಅಲ್ಲ, ಕ್ಯಾರಿಂಗ್ಟನ್ ರೊಟೇಶನ್. ಭೂಮಿಯಿಂದ ನೋಡಿದಂತೆ ಸೂರ್ಯ ತನ್ನ ಸುತ್ತ ತಾನು ಒಮ್ಮೆ ತಿರುಗಲು ಸರಾಸರಿ 27.2753 ದಿನ ಬೇಕು ಅಂತ ಇಟ್ಟುಕೊಂಡು, ಒಂದೊಂದು ಸುತ್ತಿಗೂ ನಂಬರ್ ಕೊಡುತ್ತಾ ಹೋಗುವ ಲೆಕ್ಕ ಇದು. ಒಂದನೇ ಸುತ್ತು ಶುರುವಾದದ್ದು 1853ರ ನವೆಂಬರ್ 9ರಂದು. ಆ ಎಣಿಕೆ ಇವತ್ತಿಗೆ 2,200 ದಾಟಿ ನಡೆದಿದೆ. ಅದನ್ನು ಶುರು ಮಾಡಿದವನು ಯಾವ ಸರ್ಕಾರಿ ವೀಕ್ಷಣಾಲಯದ ಅಧಿಕಾರಿಯೂ ಆಗಿರಲಿಲ್ಲ. ಸ್ವಂತ ದುಡ್ಡಿನಲ್ಲಿ ಮನೆ ಪಕ್ಕ ಗುಮ್ಮಟ ಕಟ್ಟಿಸಿಕೊಂಡಿದ್ದ, ಬಿಯರ್ ತಯಾರಿಸುವ ಮನೆತನದ ಹುಡುಗ.

ರಿಚರ್ಡ್ ಕ್ರಿಸ್ಟೋಫರ್ ಕ್ಯಾರಿಂಗ್ಟನ್ ಹುಟ್ಟಿದ್ದು 1826ರ ಮೇ 26ರಂದು, ಲಂಡನ್ನಿನ ಚೆಲ್ಸಿಯಲ್ಲಿ. ಅಪ್ಪನಿಗೆ ಲಂಡನ್ ಪಕ್ಕದ ಬ್ರೆಂಟ್‌ಫೋರ್ಡ್‌ನಲ್ಲಿ ದೊಡ್ಡ ಬ್ರೂವರಿ ಇತ್ತು. ದುಡ್ಡಿಗೆ ಕೊರತೆಯಿಲ್ಲ. ಮಗ ಚರ್ಚಿನ ಪಾದ್ರಿಯಾಗಲಿ ಅನ್ನೋದು ಮನೆಯವರ ಆಸೆ. ಅದಕ್ಕೇ 1844ರಲ್ಲಿ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿಗೆ ಸೇರಿಸಿದರು. ಅಲ್ಲಿ ಪ್ರೊಫೆಸರ್ ಚಾಲಿಸ್ ಅವರ ಖಗೋಳಶಾಸ್ತ್ರದ ಪಾಠ ಕೇಳಿದ್ದೇ ತಡ, ಪಾದ್ರಿಯಾಗುವ ಯೋಚನೆ ಹಿಂದಕ್ಕೆ ಸರಿಯಿತು. 1848ರಲ್ಲಿ ಗಣಿತದ ಪರೀಕ್ಷೆಯಲ್ಲಿ 36ನೇ ರ‍್ಯಾಂಕ್ ಪಡೆದು ಹೊರಬಂದ. ಒಳ್ಳೆಯ ರ‍್ಯಾಂಕೇ, ಆದರೆ ಊರೆಲ್ಲ ಮಾತಾಡುವಂಥದ್ದಲ್ಲ. ಅವನ ಪ್ರತಿಭೆ ಗಣಿತಕ್ಕಿಂತ ಹೆಚ್ಚಾಗಿ ಬೇರೆ ಕಡೆ ಇತ್ತು ಅನ್ನೋದು ನಮ್ಮ ಅನಿಸಿಕೆ. ಉಪಕರಣವನ್ನು ಸರಿಯಾಗಿ ಕೂರಿಸೋದು, ಬಂದ ಅಳತೆಯನ್ನು ನಂಬದೆ ಮತ್ತೆ ಮತ್ತೆ ಪರೀಕ್ಷಿಸೋದು, ಬೇಜಾರಿಲ್ಲದೆ ವರ್ಷಗಟ್ಟಲೆ ಅದನ್ನೇ ಮಾಡೋದು ಅವನಿಗೆ ಒಲಿದಿತ್ತು.

1849ರಲ್ಲಿ ಡರ್ಹ್ಯಾಮ್ ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ ಕೆಲಸ ಸಿಕ್ಕಿತು. ಅಲ್ಲಿದ್ದ ಉಪಕರಣಗಳು ಅವನಿಗೆ ಸಾಲಲಿಲ್ಲ. ಇವನಿಗೆ ಬೇಕಾದ ಕೆಲಸಕ್ಕೆ ಅವು ಆಗುವಂತಿರಲಿಲ್ಲ, ಹೊಸದು ಬರುವ ಲಕ್ಷಣವೂ ಕಾಣಲಿಲ್ಲ. ಮೂರು ವರ್ಷ ತುಂಬುವುದರೊಳಗೆ, 1852ರಲ್ಲಿ, ರಾಜೀನಾಮೆ ಕೊಟ್ಟು ಹೊರಟುಬಿಟ್ಟ. ಲ್ಯಾಬಿನಲ್ಲಿ ಇರೋ ಸಾಮಾನಿನಲ್ಲೇ ಹೇಗೋ ರೀಡಿಂಗ್ ಹೊಂದಿಸಿ ರೆಕಾರ್ಡ್ ಬರೆದುಕೊಡೋ ಜಾಯಮಾನ ಅವನದಲ್ಲ. ಅಪ್ಪನ ಆಸ್ತಿ ಇತ್ತು, ಹಾಗಾಗಿ ಈ ಹಟ ನಡೆಯಿತು ಅನ್ನೋದನ್ನೂ ಹೇಳಬೇಕು. ಇಲ್ಲದವರು ಎಲ್ಲಿಗೆ ಹೋಗ್ತಾರೆ?

ಈ ನಡುವೆ ಒಂದು ಪ್ರವಾಸ. 1851ರ ಜುಲೈ 28ರ ಖಗ್ರಾಸ ಸೂರ್ಯಗ್ರಹಣ ನೋಡಲು ಸ್ವೀಡನ್ನಿನ ಲಿಲ್ಲಾ ಎಡೆಟ್ ಎಂಬ ಊರಿಗೆ ಹೋಗಿದ್ದ. ಗ್ರಹಣದ ಹೊತ್ತಿನಲ್ಲಿ ಚಂದ್ರನ ಕಪ್ಪು ಅಂಚಿನ ಆಚೆ ಕೆಂಪಗೆ ನಾಲಗೆ ಚಾಚಿದ ಹಾಗೆ ಕಾಣುವುದು ಸೂರ್ಯನದೋ ಚಂದ್ರನದೋ ಅನ್ನುವುದೇ ಆಗಿನ್ನೂ ಪೂರ್ತಿ ಇತ್ಯರ್ಥವಾಗಿರಲಿಲ್ಲ. ಸೂರ್ಯನ ಬಗ್ಗೆ ಜಗತ್ತಿಗೆ ಗೊತ್ತಿದ್ದದ್ದು ಅಷ್ಟು ಕಮ್ಮಿ.

ಸರಿ, ಡರ್ಹ್ಯಾಮ್ ಬಿಟ್ಟವನು ಲಂಡನ್ನಿನ ದಕ್ಷಿಣಕ್ಕೆ ಸರ‍್ರೆ ಸೀಮೆಯ ರೆಡ್‌ಹಿಲ್‌ನಲ್ಲಿ ಜಾಗ ಕೊಂಡು, ಮನೆ ಜೊತೆಗೆ ವೀಕ್ಷಣಾಲಯ ಕಟ್ಟಿಸಿದ. 1853ರಿಂದ ಅಲ್ಲಿ ಎರಡು ಪಾಳಿಯ ಕೆಲಸ ಶುರುವಾಯಿತು. ರಾತ್ರಿ ಪಾಳಿ ನಕ್ಷತ್ರಗಳದ್ದು. ಧ್ರುವದ ಸುತ್ತ ಒಂಬತ್ತು ಡಿಗ್ರಿಯೊಳಗಿನ ಆಕಾಶದ ನಕ್ಷೆಯಲ್ಲಿ ಹಳಬರು ಬಿಟ್ಟುಹೋಗಿದ್ದ ಖಾಲಿ ಜಾಗವನ್ನು ತುಂಬುವುದು ಅವನ ಗುರಿ. ಮೂರು ವರ್ಷದ ರಾತ್ರಿಗಳು ಅದಕ್ಕೆ ಹೋದವು. 1857ರಲ್ಲಿ 3,735 ನಕ್ಷತ್ರಗಳ ಪಟ್ಟಿ ಪ್ರಕಟವಾಯಿತು. ಅದಕ್ಕಾಗಿ ರಾಯಲ್ ಅಸ್ಟ್ರೊನಾಮಿಕಲ್ ಸೊಸೈಟಿ 1859ರಲ್ಲಿ ತನ್ನ ಚಿನ್ನದ ಪದಕ ಕೊಟ್ಟಿತು. ಇವತ್ತು ಆ ಪಟ್ಟಿಯನ್ನು ನೆನೆಯುವವರು ಕಡಿಮೆ. ಅವನ ಹೆಸರು ಉಳಿದದ್ದು ಹಗಲು ಪಾಳಿಯಿಂದ.

ಹಗಲು ಪಾಳಿ ಸೂರ್ಯನದ್ದು. ಜರ್ಮನಿಯ ಶ್ವಾಬೆ ಎಂಬ ಹವ್ಯಾಸಿ ಸೌರಕಲೆಗಳನ್ನು, ಅಂದರೆ ಸೂರ್ಯನ ಮುಖದ ಮೇಲಿನ ಕಪ್ಪು ಚುಕ್ಕೆಗಳನ್ನು, ವರ್ಷಗಟ್ಟಲೆ ಎಣಿಸಿ, ಅವು ಸುಮಾರು ಹತ್ತು ವರ್ಷಕ್ಕೊಮ್ಮೆ ಹೆಚ್ಚಾಗಿ ಕಡಿಮೆಯಾಗುತ್ತವೆ ಎಂದು 1843ರಲ್ಲಿ ತೋರಿಸಿದ್ದ. 1852ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಸಬೈನ್ ಇನ್ನೊಂದು ವಿಚಿತ್ರ ತೋರಿಸಿದ: ಭೂಮಿಯ ದಿಕ್ಸೂಚಿ ಮುಳ್ಳುಗಳ ಗಲಿಬಿಲಿಯೂ ಅದೇ ಏರಿಳಿತಕ್ಕೆ ತಾಳ ಹಾಕುತ್ತದೆ. ಹದಿನೈದು ಕೋಟಿ ಕಿಲೋಮೀಟರ್ ದೂರದ ಚುಕ್ಕೆಗೂ ಇಲ್ಲಿನ ಕಬ್ಬಿಣದ ಮುಳ್ಳಿಗೂ ಏನು ಸಂಬಂಧ? ಯಾರಿಗೂ ಗೊತ್ತಿಲ್ಲ. ಸೊಸೈಟಿಯಲ್ಲಿದ್ದ ಹಳೆಯ ಸೌರಕಲೆಯ ಚಿತ್ರಗಳನ್ನೆಲ್ಲ ಕ್ಯಾರಿಂಗ್ಟನ್ ತೆಗೆದು ನೋಡಿದ. ಚುಕ್ಕೆ ಇದೆ, ಆದರೆ ಅದು ಸೂರ್ಯನ ಯಾವ ಅಕ್ಷಾಂಶ, ಯಾವ ರೇಖಾಂಶದಲ್ಲಿದೆ ಅನ್ನೋದು ನಂಬುವ ಹಾಗಿಲ್ಲ. ಪೂರ್ತಿ ಒಂದು ಚಕ್ರ, ಅಂದರೆ ಹನ್ನೊಂದು ವರ್ಷ, ತಾನೇ ಅಳೆದುಬಿಡುವುದು ಅಂತ ತೀರ್ಮಾನಿಸಿದ.

ಅವನ ಅಳತೆಯ ವಿಧಾನ ನಮಗೆ ಬಹಳ ಹಿಡಿಸಿತು. ನಾಲ್ಕೂವರೆ ಇಂಚಿನ ಮಸೂರದ ಸಾಧಾರಣ ಟೆಲಿಸ್ಕೋಪು. ಕಣ್ಣಿಟ್ಟು ನೋಡುವುದಲ್ಲ, ಸೂರ್ಯನ ಬಿಂಬವನ್ನು ಹಿಂದೆ ಇಟ್ಟ ಗಾಜಿನ ಹಲಗೆಯ ಮೇಲೆ ಬೀಳಿಸುವುದು. ಗಾಜಿಗೆ ಒಣಹುಲ್ಲಿನ ಬಣ್ಣ ತೆಳುವಾಗಿ ಬಳಿದಿರುತ್ತಿದ್ದ. ಬಿಂಬದ ಅಗಲ ಸುಮಾರು 11 ಇಂಚು, ಒಂದು ಊಟದ ತಟ್ಟೆಯಷ್ಟು. ದಾರಿಯಲ್ಲಿ ಒಂದಕ್ಕೊಂದು ಅಡ್ಡವಾಗಿ ಎರಡು ತೆಳು ಚಿನ್ನದ ಪಟ್ಟಿ. ಟೆಲಿಸ್ಕೋಪನ್ನು ಅಲುಗಾಡದಂತೆ ನಿಲ್ಲಿಸಿಬಿಟ್ಟರೆ ಭೂಮಿ ತಿರುಗುವುದರಿಂದ ಬಿಂಬ ತಾನಾಗಿಯೇ ಆ ಪಟ್ಟಿಗಳನ್ನು ದಾಟಿ ಜಾರುತ್ತದೆ. ಸೂರ್ಯನ ಅಂಚು ಪಟ್ಟಿ ಮುಟ್ಟಿದ ಕ್ಷಣ, ಚುಕ್ಕೆ ಮುಟ್ಟಿದ ಕ್ಷಣ, ಇನ್ನೊಂದು ಅಂಚು ಮುಟ್ಟಿದ ಕ್ಷಣ: ಗಡಿಯಾರದ ಟಿಕ್ ಟಿಕ್ ಕೇಳುತ್ತಾ ಇವನ್ನು ಬರೆದುಕೊಂಡರೆ ಮುಗಿಯಿತು, ಉಳಿದದ್ದು ತ್ರಿಕೋನಮಿತಿ. ಉದ್ದ ಅಳೆಯುವ ಕಷ್ಟವನ್ನೆಲ್ಲ ಕಾಲ ಅಳೆಯುವುದಕ್ಕೆ ಬದಲಾಯಿಸಿಬಿಟ್ಟ. ಆಗ ಗಡಿಯಾರದಷ್ಟು ನಂಬಿಕೆಯ ಉಪಕರಣ ಇನ್ನೊಂದಿರಲಿಲ್ಲ. ಭೂಮಿಯನ್ನೇ ತನ್ನ ಮೋಟಾರ್ ಮಾಡಿಕೊಂಡಿದ್ದ ಅಂದರೂ ಸರಿಯೇ.

1853ರ ನವೆಂಬರ್‌ನಿಂದ 1861ರ ಮಾರ್ಚ್‌ವರೆಗೆ 954 ಕಲೆಗುಂಪುಗಳ ಮೇಲೆ 5,290 ಅಳತೆ. ಇಂಗ್ಲೆಂಡಿನ ಮೋಡದ ಆಕಾಶದಲ್ಲಿ ಇದೇನು ಸಣ್ಣ ಸಂಖ್ಯೆಯಲ್ಲ.

ಈ ರಾಶಿಯಿಂದ ಎರಡು ದೊಡ್ಡ ವಿಷಯ ಹೊರಬಂದವು. ಸೂರ್ಯ ಬುಗುರಿಯ ಹಾಗೆ ಒಂದೇ ಗಟ್ಟಿ ಉಂಡೆಯಾಗಿ ತಿರುಗುವುದಿಲ್ಲ. ಸಮಭಾಜಕದ ಹತ್ತಿರದ ಕಲೆಗಳು ಸುಮಾರು 25 ದಿನದಲ್ಲಿ ಸುತ್ತು ಮುಗಿಸಿದರೆ, ಮೇಲಿನ ಅಕ್ಷಾಂಶದವು ಹಿಂದೆ ಬೀಳುತ್ತವೆ. ಇದಕ್ಕೊಂದು ಸೂತ್ರವನ್ನೂ ಹೊಂದಿಸಿದ: ದಿನವೊಂದಕ್ಕೆ 865 ಕೋನ ನಿಮಿಷ, ಅದರಿಂದ 165ನ್ನು ಅಕ್ಷಾಂಶದ ಸೈನ್‌ನ 7/4 ಘಾತದಿಂದ ಗುಣಿಸಿ ಕಳೆಯಬೇಕು. 7/4 ಯಾಕೆ ಅಂದರೆ ಉತ್ತರವಿಲ್ಲ, ಡೇಟಾಗೆ ಅದೇ ಕೂರುತ್ತಿತ್ತು ಅಷ್ಟೇ. ಕರ್ವ್ ಫಿಟ್ಟಿಂಗ್ ಮಾಡಿ ಅದಕ್ಕೆ ಸಿದ್ಧಾಂತದ ವೇಷ ಹಾಕಲಿಲ್ಲ ಅನ್ನೋದು ಗಮನಿಸಬೇಕಾದ ಮಾತು. ಎರಡನೆಯದು, 1856ರ ಸುಮಾರಿಗೆ ಹಳೆಯ ಚಕ್ರ ಮುಗಿಯುವಾಗ ಸಮಭಾಜಕದ ಬಳಿಯ ಕಲೆಗಳು ಕಾಣೆಯಾಗಿ, ಹೊಸ ಚಕ್ರದವು ಮೇಲಿನ ಅಕ್ಷಾಂಶಗಳಲ್ಲಿ ಹುಟ್ಟಿಕೊಂಡವು, ಆಮೇಲೆ ವರ್ಷ ಕಳೆದಂತೆ ಕೆಳಗಿಳಿಯತೊಡಗಿದವು. ಸೂರ್ಯನ ಅಕ್ಷ ಭೂಕಕ್ಷೆಗೆ ಎಷ್ಟು ವಾಲಿದೆ ಅಂತಲೂ ಲೆಕ್ಕ ಹಾಕಿದ. ಅವನ 7.25 ಡಿಗ್ರಿಯನ್ನೇ ಈಗಲೂ ಬಳಸುತ್ತಾರೆ.

ಹನ್ನೊಂದು ವರ್ಷದ ಈ ಯೋಜನೆಗೆ ಐದನೇ ವರ್ಷದಲ್ಲೇ ಪೆಟ್ಟು ಬಿತ್ತು. 1858ರ ಜುಲೈನಲ್ಲಿ ಅಪ್ಪ ತೀರಿಕೊಂಡ. ಬ್ರೂವರಿ ನೋಡಿಕೊಳ್ಳುವ ಜವಾಬ್ದಾರಿ ಮಗನ ಹೆಗಲಿಗೆ ಬಂತು. ಅಷ್ಟು ವರ್ಷ ಟೆಲಿಸ್ಕೋಪಿಗೆ ದುಡ್ಡು ಹಾಕಿದ್ದ ವ್ಯಾಪಾರವೇ ಈಗ ಟೆಲಿಸ್ಕೋಪಿನ ಹೊತ್ತನ್ನು ಕೇಳತೊಡಗಿತು. ಬ್ರೆಂಟ್‌ಫೋರ್ಡ್‌ನಲ್ಲಿ ಲೆಕ್ಕಪತ್ರ, ಲಂಡನ್ನಿನಲ್ಲಿ ಸೊಸೈಟಿಯ ಕಾರ್ಯದರ್ಶಿ ಕೆಲಸ, ರೆಡ್‌ಹಿಲ್‌ನಲ್ಲಿ ಸೂರ್ಯ. ಅವನಿಲ್ಲದ ದಿನ ಸಹಾಯಕರು ನೋಡುತ್ತಿದ್ದರು. ಅವನಿಗೆ ಅದು ಒಗ್ಗುತ್ತಿರಲಿಲ್ಲ.

1859ರ ಸೆಪ್ಟೆಂಬರ್ 1, ಗುರುವಾರ. ಅವತ್ತು ಅವನೇ ರೆಡ್‌ಹಿಲ್‌ನಲ್ಲಿದ್ದ, ಆಕಾಶವೂ ತಿಳಿಯಾಗಿತ್ತು. ಸೂರ್ಯನ ಉತ್ತರಾರ್ಧದಲ್ಲಿ ಬಹಳ ದೊಡ್ಡದೊಂದು ಕಲೆಗುಂಪು. ಅದನ್ನು ಗಾಜಿನ ಮೇಲೆ ಗುರುತು ಹಾಕುತ್ತಿದ್ದಾಗ, ಬೆಳಿಗ್ಗೆ 11 ಗಂಟೆ 18 ನಿಮಿಷಕ್ಕೆ, ಗುಂಪಿನ ಎರಡು ಜಾಗದಲ್ಲಿ ಕಣ್ಣು ಕುಕ್ಕುವ ಬಿಳಿ ಬೆಳಕು. ಮೊದಲು ಅವನು ಅನುಮಾನಪಟ್ಟಿದ್ದು ತನ್ನ ಉಪಕರಣವನ್ನೇ. ಬಿಂಬ ಬೀಳಿಸುವಾಗ ನೇರ ಬಿಸಿಲು ಬರದಂತೆ ಕಟ್ಟಿದ ಪರದೆಯಲ್ಲಿ ಎಲ್ಲೋ ತೂತು ಬಿದ್ದಿರಬೇಕು ಅಂದುಕೊಂಡ. ಟೆಲಿಸ್ಕೋಪನ್ನು ಅಲುಗಿಸಿ ನೋಡಿದ. ತೂತಿನಿಂದ ಬಂದ ಬೆಳಕಾಗಿದ್ದರೆ ಬಿಂಬ ಸರಿದರೂ ಅದು ಇದ್ದಲ್ಲೇ ಇರಬೇಕಿತ್ತು. ಇದು ಬಿಂಬದ ಜೊತೆಗೇ ಸರಿಯಿತು. ಅಂದರೆ ಬೆಳಕು ಸೂರ್ಯನ ಮೇಲೆಯೇ ಇದೆ!

ಗಡಿಯಾರ ನೋಡಿ ಸಮಯ ಬರೆದುಕೊಂಡ. ಬೆಳಕು ಇನ್ನೂ ಏರುತ್ತಿತ್ತು. ಯಾರನ್ನಾದರೂ ಸಾಕ್ಷಿಗೆ ಕರೆಯೋಣ ಅಂತ ಹೊರಗೆ ಓಡಿದ. ಒಂದು ನಿಮಿಷದೊಳಗೆ ವಾಪಸ್ ಬಂದ. ಅಷ್ಟರಲ್ಲೇ ಅದು ಗುರುತು ಸಿಗದಷ್ಟು ಬದಲಾಗಿ, ಮಂಕಾಗಿತ್ತು. 11 ಗಂಟೆ 23 ನಿಮಿಷಕ್ಕೆ ಎರಡು ಸಣ್ಣ ಚುಕ್ಕೆಗಳಾಗಿ ಉಳಿದು, ಆರಿಹೋಯಿತು. ಆ ಐದು ನಿಮಿಷದಲ್ಲಿ ಬೆಳಕಿನ ತುಣುಕುಗಳು ಸೂರ್ಯನ ಮೇಲೆ ಸುಮಾರು 35,000 ಮೈಲಿ, ಅಂದರೆ 56,000 ಕಿಲೋಮೀಟರ್ ಸರಿದಿದ್ದವು. ವಿಚಿತ್ರ ಏನಂದ್ರೆ, ಕೆಳಗಿದ್ದ ಕಲೆಗುಂಪಿನ ಆಕಾರದಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. ಬೆಳಕು ಕಲೆಗಳ ಮೇಲಿನ ಎತ್ತರದಲ್ಲಿ ಹೊತ್ತಿರಬೇಕು ಅಂತ ಅವನು ಅಲ್ಲಿಂದಲೇ ಊಹಿಸಿದ. ಸೌರಜ್ವಾಲೆಯೊಂದನ್ನು ನೋಡಿ, ಅಳೆದು ಬರೆದಿಟ್ಟದ್ದು ಇದೇ ಮೊದಲು.

ಸಾಕ್ಷಿಯ ವಿಷಯಕ್ಕೆ ಬಂದರೆ ಅವನ ಅದೃಷ್ಟ ಚೆನ್ನಾಗಿತ್ತು. ಅದೇ ಹೊತ್ತಿಗೆ ಲಂಡನ್ನಿನ ಉತ್ತರದ ಹೈಗೇಟ್‌ನಲ್ಲಿ ರಿಚರ್ಡ್ ಹಾಜ್‌ಸನ್ ಎಂಬ ಇನ್ನೊಬ್ಬ ಹವ್ಯಾಸಿ ತನ್ನ ಟೆಲಿಸ್ಕೋಪಿನಲ್ಲಿ ಅದನ್ನೇ ನೋಡಿದ್ದ. ಇಬ್ಬರಿಗೂ ಮೊದಲೇ ಮಾತುಕತೆ ಇಲ್ಲ. ಸೊಸೈಟಿಯ ನವೆಂಬರ್ ಸಭೆಯಲ್ಲಿ ಇಬ್ಬರ ವರದಿಯನ್ನೂ ಒಟ್ಟಿಗೆ ಮಂಡಿಸಿದರು.

ಇನ್ನೊಂದು ಸಾಕ್ಷಿ ಮನುಷ್ಯನದಲ್ಲ. ಲಂಡನ್ ಬಳಿಯ ಕ್ಯೂ ವೀಕ್ಷಣಾಲಯದಲ್ಲಿ ಒಂದು ಮ್ಯಾಗ್ನೆಟೋಮೀಟರ್ ಇತ್ತು. ಭೂಮಿಯ ಕಾಂತಕ್ಷೇತ್ರದ ಏರಿಳಿತವನ್ನು ತಿರುಗುವ ಫೋಟೋ ಕಾಗದದ ಮೇಲೆ ಹಗಲೂ ರಾತ್ರಿ ತಾನೇ ಗೆರೆ ಎಳೆಯುತ್ತಿತ್ತು. ಕೆಲವು ದಿನ ಬಿಟ್ಟು ಕ್ಯಾರಿಂಗ್ಟನ್ ಅಲ್ಲಿಗೆ ಹೋದಾಗ ಆ ಗೆರೆ ತೋರಿಸಿದರು. ಬೆಳಕು ಕಂಡ ಅದೇ ನಿಮಿಷಗಳಲ್ಲಿ ಗೆರೆಯಲ್ಲೊಂದು ಸಣ್ಣ ಕೊಕ್ಕೆ. ಆಮೇಲೆ ಗಂಟೆಗಟ್ಟಲೆ ಹೆಚ್ಚೇನೂ ಇಲ್ಲ. ಸುಮಾರು ಹದಿನೇಳೂವರೆ ಗಂಟೆಯ ನಂತರ, ಸೆಪ್ಟೆಂಬರ್ 2ರ ನಸುಕಿನಲ್ಲಿ, ಗೆರೆ ಹುಚ್ಚೆದ್ದು ಕಾಗದದಿಂದಲೇ ಆಚೆ ಹೋಗಿತ್ತು.

ಆ ರಾತ್ರಿ ಧ್ರುವಪ್ರಭೆ ಧ್ರುವಗಳ ಕಡೆ ನಿಲ್ಲಲಿಲ್ಲ, ಕ್ಯೂಬಾ, ಹವಾಯಿಯವರೆಗೂ ಇಳಿದು ಕಂಡಿತು. ಟೆಲಿಗ್ರಾಫ್ ತಂತಿಗಳ ಕಥೆ ನಮ್ಮ ಎಲೆಕ್ಟ್ರಿಕಲ್ ಬ್ರಾಂಚಿನವರಿಗೆ ಇಷ್ಟವಾಗಬೇಕು. ಆಗಿನ ಟೆಲಿಗ್ರಾಫಿನಲ್ಲಿ ಕಂಬದ ಮೇಲೆ ಒಂದೇ ತಂತಿ, ವಾಪಸ್ ದಾರಿ ಭೂಮಿಯೇ. ಅಂದರೆ ನೂರಾರು ಕಿಲೋಮೀಟರ್ ಉದ್ದದ ಒಂದು ಲೂಪ್. ಅದರೊಳಗಿನ ಕಾಂತಕ್ಷೇತ್ರ ರಭಸದಿಂದ ಬದಲಾದರೆ ಏನಾಗುತ್ತೆ ಅಂತ ಫ್ಯಾರಡೆ 1831ರಲ್ಲೇ ಹೇಳಿದ್ದ. ಅದೇ ಆಯಿತು. ಎಲ್ಲೆಲ್ಲೂ ತಂತಿಗಳಲ್ಲಿ ಬೇಡದ ಕರೆಂಟು, ಕೆಲವು ಕಡೆ ಕಿಡಿ. ಅಮೆರಿಕದ ಬಾಸ್ಟನ್ ಮತ್ತು ಪೋರ್ಟ್‌ಲೆಂಡ್ ನಡುವಿನ ಆಪರೇಟರುಗಳು ತಮ್ಮ ಬ್ಯಾಟರಿಗಳನ್ನೇ ಬಿಚ್ಚಿಟ್ಟು, ಆಕಾಶ ಕೊಟ್ಟ ಕರೆಂಟಿನಲ್ಲೇ ಬಹಳ ಹೊತ್ತು ಸಂದೇಶ ಕಳಿಸಿಕೊಂಡರು.

ನಮ್ಮ ದೇಶದಲ್ಲೂ ಅದರ ಲೆಕ್ಕ ದಾಖಲಾಗಿದೆ. ಬೊಂಬಾಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಆಗ ಗೆರೆ ಎಳೆಯುವ ಯಂತ್ರವಿರಲಿಲ್ಲ, ಮನುಷ್ಯರೇ ಹೊತ್ತುಹೊತ್ತಿಗೆ ಮುಳ್ಳು ನೋಡಿ ಬರೆಯಬೇಕಿತ್ತು. ಸೆಪ್ಟೆಂಬರ್ 2ರ ಹಗಲಿನಲ್ಲಿ ಮುಳ್ಳು ಕುಣಿಯತೊಡಗಿದಾಗ ಅವರು ಗಂಟೆಗೊಮ್ಮೆ ನೋಡುವುದನ್ನು ಬಿಟ್ಟು ನಿಮಿಷಗಳ ಅಂತರದಲ್ಲಿ ಬರೆದರು. ಅಲ್ಲಿನ ಕ್ಷೇತ್ರ ಸುಮಾರು 1,600 ನ್ಯಾನೋಟೆಸ್ಲಾ ಕುಸಿದಿತ್ತು. ಅಷ್ಟು ಜೋರಾಗಿ ಬೀಸಿದ ಬಿರುಗಾಳಿಗೆ, ಧ್ರುವದಿಂದ ದೂರದ ಊರಿನಲ್ಲಿ ಇಷ್ಟು ಒಳ್ಳೆಯ ದಾಖಲೆ ಸಿಗುವುದೇ ಅಪರೂಪ. 2003ರಲ್ಲಿ ವಿಜ್ಞಾನಿಗಳು ಈ ಹಳೆಯ ಅಂಕಿಗಳನ್ನು ಹೊರತೆಗೆದು ಆ ದಿನದ ಗಾತ್ರ ಅಂದಾಜು ಮಾಡಿದರು. ಕೈಬರಹದಲ್ಲಿ ಅಂಕಿ ಬರೆದಿಟ್ಟ ಕೊಲಾಬಾದ ಆ ಸಿಬ್ಬಂದಿಗೂ ಈ ಕಥೆಯಲ್ಲಿ ಪಾಲಿದೆ ಅಂತ ನಾವು ಭಾವಿಸುತ್ತೇವೆ.

ಈಗ ಒಂದು ಗಳಿಗೆ ಕ್ಯಾರಿಂಗ್ಟನ್ ಜಾಗದಲ್ಲಿ ನಿಂತು ನೋಡಿ. ಒಂದು ಕೈಯಲ್ಲಿ ಯಾರೂ ನೋಡಿರದ ಸೂರ್ಯನ ಸ್ಫೋಟ. ಇನ್ನೊಂದು ಕೈಯಲ್ಲಿ ಅದೇ ನಿಮಿಷದ ಕೊಕ್ಕೆ, ಮರುದಿನದ ಮಹಾ ಗಲಭೆ. ಸೂರ್ಯನಿಂದಲೇ ಇದೆಲ್ಲ ಬಂತು ಅಂತ ಘೋಷಿಸಿಬಿಟ್ಟಿದ್ದರೆ ಪತ್ರಿಕೆಗಳು ಮುಖಪುಟದಲ್ಲಿ ಹಾಕುತ್ತಿದ್ದವು, ಮತ್ತೆ ಅದು ನಿಜವೂ ಆಗಿತ್ತು. ಅವನು ಹಾಗೆ ಮಾಡಲಿಲ್ಲ. ಸಭೆಯಲ್ಲಿ ಕ್ಯೂದ ಗೆರೆಗಳನ್ನು ಎಲ್ಲರಿಗೂ ತೋರಿಸಿದ. ಎರಡೂ ಒಟ್ಟಿಗೆ ಬಂದದ್ದು ಗಮನಕ್ಕೆ ಯೋಗ್ಯ, ಆದರೆ ಒಂದೇ ಒಂದು ಸಲ ಹೀಗಾಗಿದ್ದನ್ನು ಹಿಡಿದು ಅವಸರದ ತೀರ್ಮಾನಕ್ಕೆ ಬರುವುದು ಸಲ್ಲ ಅನ್ನುವ ಅರ್ಥದ ಎಚ್ಚರಿಕೆ ಕೊಟ್ಟು ಕೂತ. ಇದನ್ನು ಅಂಜುಬುರುಕುತನ ಅಂತ ಓದುವವರೂ ಇದ್ದಾರೆ. ನಮಗೆ ಹಾಗನಿಸುವುದಿಲ್ಲ. ಅವನ ಬಳಿ ಇದ್ದದ್ದು ಒಂದು ಡೇಟಾ ಪಾಯಿಂಟ್. ಒಂದು ಪಾಯಿಂಟ್ ಮೇಲೆ ಬೇಕಾದಷ್ಟು ಗೆರೆ ಎಳೆಯಬಹುದು. ಎರಡನೇ ಪಾಯಿಂಟಿಗಾಗಿ ಇನ್ನಷ್ಟು ವರ್ಷ ಸೂರ್ಯನನ್ನು ಕಾಯಬೇಕಿತ್ತು, ಆ ವರ್ಷಗಳು ಅವನಿಗೆ ಸಿಗಲಿಲ್ಲ.

ಬ್ರೂವರಿ ಬಿಡಲಿಲ್ಲ. ಸಂಬಳದ ವಿಜ್ಞಾನಿಯಾದರೆ ಪೂರ್ತಿ ಸಮಯ ಸಿಗುತ್ತೆ ಅಂತ ಕೇಂಬ್ರಿಡ್ಜ್ ವೀಕ್ಷಣಾಲಯದ ಹುದ್ದೆಗೆ ಪ್ರಯತ್ನಿಸಿದ. 1861ರಲ್ಲಿ ಅದು ಜಾನ್ ಕೌಚ್ ಆಡಮ್ಸ್ ಪಾಲಾಯಿತು. ನೆಪ್ಚೂನ್ ಗ್ರಹದ ಲೆಕ್ಕದಿಂದ ಹೆಸರಾದ ಆಡಮ್ಸ್ ದೊಡ್ಡ ಗಣಿತಜ್ಞ, ಅದರಲ್ಲಿ ಎರಡು ಮಾತಿಲ್ಲ. ಆದರೂ ವೀಕ್ಷಣಾಲಯಕ್ಕೆ ವೀಕ್ಷಕ ಬೇಡವೇ ಅನ್ನೋ ಪ್ರಶ್ನೆ ನಮಗೆ ಬಂದೇ ಬರುತ್ತೆ. ಅದೇ ವರ್ಷ ಕ್ಯಾರಿಂಗ್ಟನ್ ಅಳತೆಗಳನ್ನು ನಿಲ್ಲಿಸಿ, ರೆಡ್‌ಹಿಲ್ ಮಾರಿದ. ಹನ್ನೊಂದು ವರ್ಷದ ಯೋಜನೆ ಏಳೂವರೆ ವರ್ಷಕ್ಕೆ ಮುಗಿಯಿತು. 1863ರಲ್ಲಿ ಅಷ್ಟನ್ನೇ ಒಪ್ಪವಾಗಿ ಪುಸ್ತಕ ಮಾಡಿ ಪ್ರಕಟಿಸಿದ. ಫ್ರೆಂಚ್ ಅಕಾಡೆಮಿ ಅದಕ್ಕೆ ಲಲಾಂಡ್ ಬಹುಮಾನ ಕೊಟ್ಟಿತು.

1865ರಲ್ಲಿ ದೊಡ್ಡ ಕಾಯಿಲೆ ಬಂದು ಆರೋಗ್ಯ ಕೆಟ್ಟಿತು. ಬ್ರೂವರಿಯನ್ನೂ ಕೈಬಿಟ್ಟು ಸರ‍್ರೆಯ ಚರ್ಟ್ ಎಂಬ ಹಳ್ಳಿಯ ಕಡೆ, ಡೆವಿಲ್ಸ್ ಜಂಪ್ಸ್ ಅನ್ನುವ ಗುಡ್ಡದ ಮೇಲೆ ಹೊಸ ಮನೆ, ಹೊಸ ವೀಕ್ಷಣಾಲಯ ಕಟ್ಟಿಕೊಂಡ. ಅಲ್ಲಿಂದ ಮೊದಲಿನಂಥ ಕೆಲಸ ಹೊರಬರಲಿಲ್ಲ. 1869ರಲ್ಲಿ ರೋಸಾ ಎಂಬಾಕೆಯನ್ನು ಮದುವೆಯಾದ. ಆಕೆ ತನ್ನ ಅಣ್ಣನೆಂದು ಪರಿಚಯಿಸಿದ್ದವನು ಅಣ್ಣನಾಗಿರಲಿಲ್ಲ, ಹಿಂದೆ ಆಕೆಯ ಜೊತೆ ಬಾಳುತ್ತಿದ್ದವನು. 1871ರಲ್ಲಿ ಅವನು ಚರ್ಟ್‌ನ ಮನೆಗೇ ಬಂದು ಆಕೆಗೆ ಚಾಕುವಿನಿಂದ ಇರಿದ. ರೋಸಾ ಬದುಕಿಕೊಂಡಳು, ಅವನು ಜೈಲಿಗೆ ಹೋದ. 1875ರ ನವೆಂಬರ್ 17ರಂದು ರೋಸಾ ಹಾಸಿಗೆಯಲ್ಲಿ ಸತ್ತು ಬಿದ್ದಿದ್ದಳು. ನಿದ್ದೆಗೆಂದು ಆಕೆ ಕ್ಲೋರಲ್ ಎಂಬ ಔಷಧ ತೆಗೆದುಕೊಳ್ಳುತ್ತಿದ್ದಳು. ಸಾವಿನ ವಿಚಾರಣೆಯಲ್ಲಿ, ಹೆಂಡತಿಯ ಆರೈಕೆಗೆ ಸರಿಯಾದ ಏರ್ಪಾಡು ಮಾಡಿರಲಿಲ್ಲ ಎಂದು ಕ್ಯಾರಿಂಗ್ಟನ್ ಮೇಲೆ ಆಕ್ಷೇಪಣೆ ಬಂತು. ಅವನು ಮನೆ ಬಿಟ್ಟು ಹೋದ, ಕೆಲವೇ ದಿನದಲ್ಲಿ ಮರಳಿದ. ಆಮೇಲೆ ಬೀಗ ಹಾಕಿದ ಖಾಲಿ ಮನೆಯೊಳಗೆ ಅವನ ಹೆಣ ಸಿಕ್ಕಿತು. ಕಿವಿಯ ಬಳಿ ಚಹಾದ ಸೊಪ್ಪಿನ ಪಟ್ಟು ಕಟ್ಟಿಕೊಂಡಿದ್ದ. ಸಹಜ ಸಾವು ಎಂದು ತೀರ್ಪಾಯಿತು. ವಯಸ್ಸು 49. ಕೆಲವರು ಈ ಕೊನೆಯ ಭಾಗಕ್ಕೆ ಮಸಾಲೆ ಹಾಕಿ ಹೇಳುವುದುಂಟು, ನಮಗೆ ಅದರ ಅವಶ್ಯಕತೆ ಕಾಣಲಿಲ್ಲ. ತನ್ನ ಆಸ್ತಿಯಲ್ಲಿ 2,000 ಪೌಂಡನ್ನು ರಾಯಲ್ ಅಸ್ಟ್ರೊನಾಮಿಕಲ್ ಸೊಸೈಟಿಗೆ ಬರೆದಿಟ್ಟಿದ್ದ.

ಅವನು ಬಿಟ್ಟುಹೋದ ಪ್ರಶ್ನೆ ಮಾತ್ರ ಸುಲಭಕ್ಕೆ ಬಗೆಹರಿಯಲಿಲ್ಲ. ಬೆಳಕು ಸೂರ್ಯನಿಂದ ಇಲ್ಲಿಗೆ ಬರಲು ಎಂಟು ನಿಮಿಷ ಚಿಲ್ಲರೆ ಸಾಕು. ಹದಿನೇಳೂವರೆ ಗಂಟೆ ತೆಗೆದುಕೊಂಡು ಬಂದದ್ದು ಏನು? 1892ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಲಾರ್ಡ್ ಕೆಲ್ವಿನ್ ಒಂದು ಲೆಕ್ಕ ಮುಂದಿಟ್ಟ. 1885ರ ಒಂದು ಸಾಧಾರಣ ಕಾಂತ ಬಿರುಗಾಳಿಯನ್ನು ತೆಗೆದುಕೊಂಡು, ಅದನ್ನು ಸೂರ್ಯನೇ ಎಬ್ಬಿಸಿದ್ದಾದರೆ ಎಂಟು ಗಂಟೆಯಲ್ಲಿ ಅದು ನಾಲ್ಕು ತಿಂಗಳ ತನ್ನ ಬೆಳಕು ಶಾಖದಷ್ಟು ಶಕ್ತಿ ಖರ್ಚು ಮಾಡಬೇಕಾಗುತ್ತೆ ಎಂದು ತೋರಿಸಿದ. ಹಾಗಾಗಿ ಸಂಬಂಧ ಅಸಾಧ್ಯ, ಕಂಡದ್ದೆಲ್ಲ ಕಾಕತಾಳೀಯ. ಕೆಲ್ವಿನ್ ಗುಣಾಕಾರ ತಪ್ಪಿರಲಿಲ್ಲ. ಸೂರ್ಯನ ಪ್ರಭಾವ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತೆ ಅಂತ ಇಟ್ಟುಕೊಂಡದ್ದು ತಪ್ಪಾಗಿತ್ತು. ಆದರೆ ಕೆಲ್ವಿನ್ ಅಂಥವರು ಅಧ್ಯಕ್ಷ ಪೀಠದಿಂದ ಹೇಳಿದ ಮೇಲೆ ಎದುರಾಡುವವರು ಯಾರು?

ಉತ್ತರ ಬಂದದ್ದು ಕ್ಯಾರಿಂಗ್ಟನ್ನನ ಹಳೆಯ ಲೆಕ್ಕದ ದಾರಿಯಿಂದಲೇ. 1904ರಲ್ಲಿ ಗ್ರೀನಿಚ್‌ನ ವಾಲ್ಟರ್ ಮೌಂಡರ್ ದಶಕಗಳ ಕಾಂತ ಬಿರುಗಾಳಿಗಳ ಪಟ್ಟಿ ಮಾಡಿ ನೋಡಿದ. ಎಷ್ಟೋ ಬಿರುಗಾಳಿಗಳು ಸುಮಾರು 27 ದಿನಕ್ಕೊಮ್ಮೆ ಮರಳುತ್ತವೆ. ಅದು ಭೂಮಿಯಿಂದ ಕಾಣುವ ಸೂರ್ಯನ ಒಂದು ಸುತ್ತು, ಅಂದರೆ ಒಂದು ಸಿ.ಆರ್. ಸೂರ್ಯನ ಯಾವುದೋ ಒಂದು ಜಾಗ ತೋಟದ ಪೈಪಿನಂತೆ ಒಂದೇ ದಿಕ್ಕಿಗೆ ಏನನ್ನೋ ಚಿಮ್ಮುತ್ತಾ ತಿರುಗುತ್ತಿದೆ, ನಮ್ಮ ಕಡೆ ತಿರುಗಿದಾಗಲೆಲ್ಲ ನಾವು ನೆನೆಯುತ್ತೇವೆ. ಎಲ್ಲ ದಿಕ್ಕಿಗೂ ಹರಡದಿದ್ದರೆ ಕೆಲ್ವಿನ್ ಹೇಳಿದಷ್ಟು ಶಕ್ತಿ ಬೇಕಾಗಿಯೇ ಇಲ್ಲ.

ಆಮೇಲಿನದು ಒಂದರ ಹಿಂದೊಂದು. 1908ರಲ್ಲಿ ಜಾರ್ಜ್ ಎಲರಿ ಹೇಲ್ ಸೌರಕಲೆಗಳಲ್ಲಿ ಬಲವಾದ ಕಾಂತಕ್ಷೇತ್ರವಿದೆ ಎಂದು ಕಂಡುಕೊಂಡ. 1958ರಲ್ಲಿ ಯೂಜೀನ್ ಪಾರ್ಕರ್ ಸೂರ್ಯನಿಂದ ಎಡೆಬಿಡದೆ ಪ್ಲಾಸ್ಮಾ ಗಾಳಿ ಬೀಸುತ್ತಿರಲೇಬೇಕು ಎಂದು ಲೆಕ್ಕ ಹಾಕಿದ. 1971ರ ಡಿಸೆಂಬರ್‌ನಲ್ಲಿ ಓ.ಎಸ್.ಓ.-7 ಉಪಗ್ರಹದ ಚಿತ್ರದಲ್ಲಿ ಸೂರ್ಯನಿಂದ ಮೋಡದಂಥದ್ದೊಂದು ಕಳಚಿ ಹೊರಡುವುದು ಕಂಡಿತು. ಅದೇ ಈಗ ಎಲ್ಲರೂ ಸಿ.ಎಂ.ಇ. ಅನ್ನುವ ಕರೋನಲ್ ಮಾಸ್ ಇಜೆಕ್ಷನ್. ಕಲೆಗುಂಪಿನ ಮೇಲೆ ಹೊಸೆದುಕೊಂಡ ಕಾಂತರೇಖೆಗಳು ತಟ್ಟನೆ ಬೇರೆ ಥರ ಜೋಡಿಕೊಂಡಾಗ ಕೂಡಿಟ್ಟ ಶಕ್ತಿ ಬಿಡುಗಡೆಯಾಗುತ್ತೆ. ಒಂದು ಪಾಲು ಬೆಳಕು, ಎಕ್ಸ್ ಕಿರಣವಾಗಿ ಹೊರಟು ಎಂಟು ನಿಮಿಷದಲ್ಲಿ ನಮ್ಮ ಮೇಲಿನ ಅಯಾನುಗೋಳವನ್ನು ಕಲಕುತ್ತೆ. ಕ್ಯೂದ ಗೆರೆಯ ಸಣ್ಣ ಕೊಕ್ಕೆ ಇದರದ್ದು. ಇನ್ನೊಂದು ಪಾಲು ನೂರಾರು ಕೋಟಿ ಟನ್ ಪ್ಲಾಸ್ಮಾ, ತನ್ನ ಕಾಂತಕ್ಷೇತ್ರವನ್ನೂ ಹೊತ್ತು ನಡೆದುಬರುತ್ತೆ. ಸಾಮಾನ್ಯವಾಗಿ ಎರಡು ಮೂರು ದಿನದ ದಾರಿ. ಹದಿನೈದು ಕೋಟಿ ಕಿಲೋಮೀಟರನ್ನು ಹದಿನೇಳೂವರೆ ಗಂಟೆಯಿಂದ ಭಾಗಿಸಿ ನೋಡಿ, 1859ರದ್ದು ಸೆಕೆಂಡಿಗೆ ಸುಮಾರು 2,400 ಕಿಲೋಮೀಟರ್ ವೇಗದಲ್ಲಿ ಬಂದಿತ್ತು. ಅದಕ್ಕೆ ಮೂರ್ನಾಲ್ಕು ದಿನ ಮೊದಲು ಬೀಸಿದ್ದ ಇನ್ನೊಂದು ಬಿರುಗಾಳಿ ದಾರಿಯನ್ನು ಗುಡಿಸಿಟ್ಟಿತ್ತು ಅನ್ನೋ ಊಹೆಯೂ ಇದೆ.

ಆಗ ಸುಟ್ಟದ್ದು ಟೆಲಿಗ್ರಾಫ್ ಕಾಗದ. ಈಗ ಆ ಉದ್ದದ ಲೂಪುಗಳ ಜಾಗದಲ್ಲಿ ಪವರ್ ಗ್ರಿಡ್ ಇದೆ. 1989ರ ಮಾರ್ಚ್ 13ರಂದು, 1859ಕ್ಕಿಂತ ಬಹಳ ಚಿಕ್ಕ ಬಿರುಗಾಳಿಗೆ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಗ್ರಿಡ್ ಎರಡು ನಿಮಿಷದೊಳಗೆ ಕುಸಿದು, 60 ಲಕ್ಷ ಜನ ಸುಮಾರು ಒಂಬತ್ತು ಗಂಟೆ ಕರೆಂಟಿಲ್ಲದೆ ಕೂತಿದ್ದರು. 2024ರ ಮೇ ತಿಂಗಳ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯ ಆಕಾಶ ಕೆಂಪಾದದ್ದನ್ನು ನಮ್ಮಲ್ಲಿ ಹಲವರು ಫೋನಿನಲ್ಲಿ ಫಾರ್ವರ್ಡ್ ಮಾಡಿದ್ದೇವೆ.

ಇಸ್ರೋದ ಆದಿತ್ಯ-ಎಲ್1 ಹಾರಿದ್ದು 2023ರ ಸೆಪ್ಟೆಂಬರ್ 2ರಂದು. ಟೆಲಿಗ್ರಾಫ್ ತಂತಿಗಳು ಕಿಡಿ ಕಾರಿದ ದಿನಕ್ಕೆ ಸರಿಯಾಗಿ 164 ವರ್ಷ. ಇದರಲ್ಲಿ ಏನಾದರೂ ಅರ್ಥ ಇದೆಯಾ ಅಂತ ಕ್ಯಾರಿಂಗ್ಟನ್ನನ್ನು ಕೇಳಿದ್ದರೆ, ಒಂದೇ ಸಲ ಆದದ್ದಕ್ಕೆ ಅರ್ಥ ಹಚ್ಚಲು ಅವನು ಖಂಡಿತ ಒಪ್ಪುತ್ತಿರಲಿಲ್ಲ. ನೌಕೆ ಈಗ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ, ಸೂರ್ಯನ ಕಡೆಗೆ ಇದೆ. ತನ್ನ ಪಕ್ಕ ಹಾದುಹೋಗುವ ಸೌರಗಾಳಿಯನ್ನು ಅದು ಅಳೆಯಬಲ್ಲದು. ಆದರೆ 1859ರಂಥದ್ದು ಅದೇ ವೇಗದಲ್ಲಿ ಬಂದರೆ, ಅಲ್ಲಿಂದ ಇಲ್ಲಿಗೆ ಹತ್ತೇ ನಿಮಿಷದ ಹಾದಿ. ಗ್ರಿಡ್ ನೋಡಿಕೊಳ್ಳುವವರಿಗೆ ಅಷ್ಟು ಸಾಲದು. ಅದಕ್ಕೇ ಮೋಡ ಹೊರಡುವ ಗಳಿಗೆಯಲ್ಲೇ ಹಿಡಿಯಬೇಕು ಅಂತ ಸೂರ್ಯನ ಬಿಂಬವನ್ನು ಮರೆಮಾಡಿ ಅದರ ಸುತ್ತಲಿನ ಕರೋನಾವನ್ನು ನೋಡುವ ವೆಲ್ಕ್ ಎಂಬ ಉಪಕರಣವನ್ನೂ ಅದರಲ್ಲಿ ಇಟ್ಟಿದ್ದಾರೆ. ಅದನ್ನು ಕಟ್ಟಿ ಜೋಡಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ಹೊಸಕೋಟೆಯ ತನ್ನ ಕ್ಯಾಂಪಸ್ಸಿನಲ್ಲಿ.